ಅವ್ವನ ತೊಟ್ಟಿಲ ಹಾಡಿನ ಕ್ಯಾಸೆಟ್: ಐದು ವಾರದ ರಿಪೇರಿ

ಮೊದಲು ಲೆಕ್ಕ ಹೇಳಿಬಿಡುತ್ತೇನೆ. ಕೆಲಸ ಇಷ್ಟು: 1989ರ ಒಂದು ಕ್ಯಾಸೆಟ್‌ನಿಂದ ಅವ್ವ ಹಾಡಿದ ಜೋಗುಳಗಳನ್ನು ಕಂಪ್ಯೂಟರಿಗೆ ಇಳಿಸುವುದು. ಹಿಡಿದದ್ದು ಐದು ವಾರ. ಖರ್ಚು ಸುಮಾರು 1,800 ರೂಪಾಯಿ. ದೊಡ್ಡ ತಪ್ಪು ಐದು. ಅದರಲ್ಲಿ ಒಂದನ್ನು ಮಾತ್ರ ಪೂರ್ತಿ ಸರಿಮಾಡೋಕೆ ಆಗಲಿಲ್ಲ. ನಿಮ್ಮ ಮನೆ ಅಟ್ಟದಲ್ಲೂ ಇಂಥ ಕ್ಯಾಸೆಟ್ ಇದ್ದರೆ ಆ ತಪ್ಪುಗಳನ್ನು ನೀವು ಮಾಡದೇ ಇರಲಿ ಅಂತ ಎಲ್ಲವನ್ನೂ ಬರೆದಿಟ್ಟಿದ್ದೇನೆ.

ನವೆಂಬರ್ 2, 2024, ಶನಿವಾರ

ದೀಪಾವಳಿಗೆ ಊರಿಗೆ ಹೋಗಿದ್ದೆ. ನಮ್ಮೂರು ಹಾವೇರಿ ಹತ್ತಿರ. ಅವ್ವ 2012ರಲ್ಲಿ ಹೋದಳು, ಆಮೇಲೆ ಅಪ್ಪ. ಈಗ ಆ ಮನೇಲಿ ಅಕ್ಕ-ಭಾವ ಇದ್ದಾರೆ. ಅಕ್ಕನ ಮಗಳು ಮೊದಲ ಹೆರಿಗೆಗೆ ಬಂದಿದ್ದಳು, ದಿನ ತುಂಬುತ್ತಾ ಬಂದಿತ್ತು. ಬಲಿಪಾಡ್ಯಮಿ ಊಟ ಆದ ಮೇಲೆ ಅಕ್ಕ, "ತಮ್ಮಾ, ಅಟ್ಟದ ಮ್ಯಾಲಿನ ತೊಟ್ಲ ಇಳಿಸಿ ಕೊಡು" ಅಂದಳು.

ತೊಟ್ಟಿಲ ಒಳಗೆ ಹಳೇ ಧೋತರದಲ್ಲಿ ಸುತ್ತಿದ್ದ ಒಂದು ಬಿಸ್ಕೆಟ್ ಡಬ್ಬ ಇತ್ತು. ಡಬ್ಬದಲ್ಲಿ ಆರು ಕ್ಯಾಸೆಟ್. ಐದು ಅಂಗಡೀಲಿ ಕೊಂಡವು: ಭಜನೆ, ನಾಟಕ, ಸಿನಿಮಾ ಹಾಡು. ಆರನೆಯದು 60 ನಿಮಿಷದ ಖಾಲಿ ಕ್ಯಾಸೆಟ್. ಅದರ ಮೇಲೆ ನೀಲಿ ಪೆನ್ನಿನಲ್ಲಿ ಅಪ್ಪನ ಅಕ್ಷರ: "ತೊಟ್ಟಿಲ ಹಾಡು. 1989." ನಾನು ಹುಟ್ಟಿದ್ದು ಅದೇ ವರ್ಷ.

ಕ್ಯಾಸೆಟ್‌ನ ಸ್ಥಿತಿ ಹೀಗಿತ್ತು. ಕಿಟಕಿಯಿಂದ ನೋಡಿದರೆ ಸುರುಳಿಯ ಅಂಚಿನಲ್ಲಿ ಬಿಳೀ ಚುಕ್ಕೆಗಳು, ಅಂದರೆ ಬೂಷ್ಟು. ಟೇಪನ್ನು ಹೆಡ್‌ಗೆ (ಟೇಪಿನ ಸದ್ದು ಓದುವ ಭಾಗಕ್ಕೆ) ಒತ್ತಿ ಹಿಡಿಯುವ ಚಿಕ್ಕ ಫೆಲ್ಟ್ ತುಂಡು ಉದುರಿಹೋಗಿತ್ತು. ಕವಚಕ್ಕೆ ಸ್ಕ್ರೂ ಇರಲಿಲ್ಲ, ಎರಡು ಹೋಳನ್ನು ಕರಗಿಸಿ ಅಂಟಿಸಿದ ಮಾಡೆಲ್. ಅಕ್ಕ ಹಪ್ಪಳದ ಹಾಗೆ ಒಂದು ತಾಸು ಬಿಸಿಲಿಗಿಡೋಣ ಅಂದಳು. ಬೇಡ ಅಂದೆ. ಬಿಸಿಲಿಗೆ ಟೇಪ್ ಸೊಟ್ಟ ಆಗುತ್ತದೆ, ಆದರೆ ಬೂಷ್ಟು ಹೋಗುವುದಿಲ್ಲ. ಇಷ್ಟು ಗೊತ್ತಿದ್ದ ನಾನು ಅವತ್ತೇ ಸಂಜೆ ಮಾಡಿದ್ದು ಅದಕ್ಕಿಂತ ಕೆಟ್ಟ ಕೆಲಸ.

ಮೊದಲ ತಪ್ಪು. ಅಡುಗೆಮನೇಲಿ ರೇಡಿಯೋ ಕೇಳೋಕೆ ಇಟ್ಟಿದ್ದ ಹಳೇ ಟೂ-ಇನ್-ಒನ್ ಇತ್ತು, ಅಂದರೆ ರೇಡಿಯೋ, ಟೇಪ್ ರೆಕಾರ್ಡರ್ ಎರಡೂ ಒಂದರಲ್ಲೇ. ತಡೆಯೋಕೆ ಆಗಲಿಲ್ಲ. ಕ್ಯಾಸೆಟ್ ಹಾಕಿ ಒತ್ತಿದೆ. ದೂರದ ಬಾವಿಯೊಳಗಿನಿಂದ ಬಂದ ಹಾಗೆ "ಜೋ" ಅಂತ ಅವ್ವನ ದನಿ. ಅಕ್ಕ ಹಿಟ್ಟಿನ ಕೈಯಲ್ಲೇ ಬಂದು ನಿಂತಳು. ಆಮೇಲೆ ದನಿ ಗೊಗ್ಗರಾಗಿ ನಿಂತುಹೋಯಿತು. ಮುಚ್ಚಳ ತೆಗೆದರೆ ಟೇಪ್ ರಬ್ಬರ್ ಗಾಲಿಗೆ ಸುತ್ತಿಕೊಂಡಿತ್ತು. ಗಾಬರಿಯಲ್ಲಿ ಎಳೆದೆ. ಎಳೆಯಬಾರದಿತ್ತು. ಗಾಲಿಯನ್ನು ಕೈಯಿಂದ ಹಿಂದಕ್ಕೆ ತಿರುಗಿಸಿದ್ದರೆ ಟೇಪ್ ತಾನೇ ಬಿಡಿಸಿಕೊಳ್ಳುತ್ತಿತ್ತು.

ಮುದುಡಿದ ಟೇಪಿನ ಉದ್ದ ಅಳೆದೆ: 40 ಸೆಂಟಿಮೀಟರ್. ಕ್ಯಾಸೆಟ್ ಟೇಪ್ ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ. ಅಂದರೆ ನನ್ನ ಅವಸರಕ್ಕೆ ಅವ್ವನ ಹಾಡಿನ ಎಂಟು ಸೆಕೆಂಡು ಹೋಯಿತು. ಹತ್ತಿಯ ಕೈಗವಸು ಹಾಕಿ ಬೆರಳುಗಳ ನಡುವೆ ನಿಧಾನಕ್ಕೆ ನೇವರಿಸಿ ನೇರ ಮಾಡಿದೆ. ಆದರೂ ಅಷ್ಟು ಭಾಗ ಇವತ್ತಿಗೂ ಮಂಕಾಗಿಯೇ ಕೇಳಿಸುತ್ತದೆ.

ಕ್ಯಾಸೆಟ್ಟು, ಟೂ-ಇನ್-ಒನ್ ಎರಡನ್ನೂ ಬೆಂಗಳೂರಿಗೆ ತಂದೆ. ಶೂ ಡಬ್ಬಗಳಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಕ್ಯಾಸೆಟ್ಟನ್ನು ಗಟ್ಟಿ ಮುಚ್ಚಳದ ಡಬ್ಬದಲ್ಲಿ ಇಟ್ಟೆ. ಹಾಗೇ ಎರಡು ವಾರ ಮುಟ್ಟಲಿಲ್ಲ.

ನವೆಂಬರ್ 10, ಭಾನುವಾರ: ಮೊದಲು ಮಷೀನು

ಟೇಪ್ ಸಿಕ್ಕಿಹಾಕಿಕೊಂಡದ್ದು ಯಾಕೆ ಅಂತ ಮೊದಲು ನೋಡಬೇಕಿತ್ತು. ಹಿಂದಿನ ಆರು ಸ್ಕ್ರೂ ಬಿಚ್ಚಿದೆ. ಕಾರಣ ಎರಡು. ಮುಖ್ಯ ಬೆಲ್ಟ್ ಸಡಿಲವಾಗಿ ಜಾರುತ್ತಿತ್ತು. ಹಾಗಾಗಿ ಟೇಪನ್ನು ಎಳೆದುಕೊಳ್ಳಬೇಕಾದ ಚಕ್ರ ಸರಿಯಾಗಿ ತಿರುಗುತ್ತಿರಲಿಲ್ಲ. ಇತ್ತ ರಬ್ಬರ್ ಗಾಲಿ ಅಂಟಂಟಾಗಿತ್ತು. ಅತ್ತ ಎಳೆದುಕೊಳ್ಳುವವರಿಲ್ಲ, ಇತ್ತ ಗಾಲಿ ಬಿಡುತ್ತಿಲ್ಲ. ಟೇಪ್ ಹೋಗಿ ಗಾಲಿಗೇ ಸುತ್ತಿಕೊಂಡಿತು.

ಎಲೆಕ್ಟ್ರಾನಿಕ್ ಸಾಮಾನು ಸಿಗುವ ಎಸ್.ಪಿ. ರೋಡಿಗೆ ಹಳೇ ಬೆಲ್ಟ್ ಹಿಡಿದುಕೊಂಡು ಹೋದೆ. ಅದೇ ಅಳತೆಯ ಬೆಲ್ಟ್ ತಂದು ಹಾಕಿದೆ. ಮತ್ತೆ ಜಾರಿತು. ಇದು ಎರಡನೇ ತಪ್ಪು. ಹಳೇ ಬೆಲ್ಟ್ ಎಳೆದೂ ಎಳೆದೂ ಉದ್ದವಾಗಿರುತ್ತದೆ, ಅದರ ಅಳತೆ ನಂಬಬಾರದು. ಬೆಲ್ಟ್ ಓಡುವ ದಾರಿಗೆ ದಾರ ಸುತ್ತಿ ಅಳೆಯಬೇಕು, ಅದಕ್ಕಿಂತ ನೂರಕ್ಕೆ ಐದರಷ್ಟು ಚಿಕ್ಕದು ತರಬೇಕು. ದಾರದ ಅಳತೆ 21.5 ಸೆಂಟಿಮೀಟರ್ ಬಂತು. 20.5ರದ್ದು ತಂದೆ. ಸರಿಹೋಯಿತು. ಎರಡು ಬೆಲ್ಟಿಗೆ 120, ಹೊಸ ರಬ್ಬರ್ ಗಾಲಿಗೆ 150, ಸ್ಪಿರಿಟ್ 100 ಎಂ.ಎಲ್.ಗೆ 110 ರೂಪಾಯಿ. ಹೆಡ್ಡು ಮತ್ತು ಗಾಲಿ ಪಕ್ಕದ ಉಕ್ಕಿನ ಕಡ್ಡಿಯನ್ನು ಇಯರ್ ಬಡ್‌ಗೆ ಸ್ಪಿರಿಟ್ ಹಚ್ಚಿ ಒರೆಸಿದೆ. ನಾಲ್ಕನೇ ಬಡ್ ಬೆಳ್ಳಗೆ ಬರುವ ತನಕ ಬಿಡಲಿಲ್ಲ.

ಮಷೀನಿನ ವೇಗ ಸರಿ ಇದೆಯಾ ಅಂತ ನೋಡೋಕೆ ಅಂಗಡೀಲಿ ಕೊಂಡಿದ್ದ ಒಂದು ಸಿನಿಮಾ ಕ್ಯಾಸೆಟ್ ಬಳಸಿದೆ. ಅದರ ಒಂದು ಹಾಡು ಮೊಬೈಲಿನಲ್ಲಿ 312 ಸೆಕೆಂಡು. ಮಷೀನಿನಲ್ಲಿ 320 ಸೆಕೆಂಡು ಆಯಿತು. ಅಂದರೆ ನಿಧಾನ. ಮೋಟಾರಿನ ಹಿಂದೆ ಒಂದು ಚಿಕ್ಕ ತೂತು ಇರುತ್ತದೆ, ಅದರೊಳಗೆ ವೇಗದ ಸ್ಕ್ರೂ. ಸಣ್ಣ ಸ್ಕ್ರೂಡ್ರೈವರಿನಿಂದ ಕೂದಲೆಳೆಯಷ್ಟು ತಿರುಗಿಸುವುದು, ಹಾಡನ್ನು ಮತ್ತೆ ಅಳೆಯುವುದು. ಏಳು ಸಲ ಮಾಡಿದ ಮೇಲೆ 312ಕ್ಕೆ ಬಂತು.

ನವೆಂಬರ್ 17, ಭಾನುವಾರ: ಕವಚ ಬದಲಿ

ಬೆಳಗ್ಗೆ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂಡೇ ಬಜಾರ್‌ನಲ್ಲಿ ಸ್ಕ್ರೂ ಇರುವ ಹಳೇ ಕ್ಯಾಸೆಟ್ ನಾಲ್ಕು ಆರಿಸಿದೆ, ಒಂದಕ್ಕೆ 30 ರೂಪಾಯಿ. ಮನೆಗೆ ಬಂದು ಅದರಲ್ಲಿ ಎರಡನ್ನು ಬಿಚ್ಚಿ ಜೋಡಿಸಿ ಅಭ್ಯಾಸ ಮಾಡಿದೆ. ಈ ಒಂದು ವಿಷಯದಲ್ಲಿ ಅವಸರ ಮಾಡಲಿಲ್ಲ. ಅದಕ್ಕೆ ನನಗೆ ಈಗಲೂ ಸಮಾಧಾನ ಇದೆ.

ಅಪ್ಪನ ಕ್ಯಾಸೆಟ್ಟನ್ನು ಮೇಜಿನ ಮೇಲೆ ಬಿಳೀ ಬಟ್ಟೆ ಹಾಸಿ ಮಲಗಿಸಿದೆ. ಅಂಚಿನ ಸಂದಿಗೆ ಬ್ಲೇಡು ಇಟ್ಟು ಮೆಲ್ಲಗೆ ಒತ್ತಿದೆ. ಟಿಕ್ ಟಿಕ್ ಅಂತ ಒಂದೊಂದೇ ಬೆಸುಗೆ ಬಿಟ್ಟಿತು. ಕವಚ ಮಲಗಿದಂತೆಯೇ ಇರಬೇಕು. ಎತ್ತಿದರೆ ಸುರುಳಿ ಜಾರಿ ನೆಲಕ್ಕೆ ಹರಡುತ್ತದೆ. ಎರಡೂ ಸುರುಳಿ ಎತ್ತಿ ಹೊಸ ಕವಚದಲ್ಲಿ ಕೂರಿಸಿದೆ. ಹೊಸದರಲ್ಲಿ ಫೆಲ್ಟ್ ತುಂಡು ಗಟ್ಟಿಯಾಗಿತ್ತು. ಐದು ಸ್ಕ್ರೂ ಬಿಗಿದೆ. ಅಳಿಸದಂತೆ ಕಾಯುವ ಬೆನ್ನಿನ ಎರಡು ಪ್ಲಾಸ್ಟಿಕ್ ಹಲ್ಲುಗಳನ್ನು ಮೊದಲೇ ಮುರಿದಿದ್ದೆ. ಇದನ್ನು ಮರೆಯಬೇಡಿ. ಟೂ-ಇನ್-ಒನ್‌ನಲ್ಲಿ ರೆಕಾರ್ಡ್ ಬಟನ್ ಪ್ಲೇ ಬಟನ್ ಪಕ್ಕದಲ್ಲೇ ಇರುತ್ತದೆ.

ಬೂಷ್ಟು ಒರೆಸುವ ಕೆಲಸ ಬಾಲ್ಕನಿಯಲ್ಲಿ, ಮಾಸ್ಕ್ ಹಾಕಿಕೊಂಡು. ಕನ್ನಡಕ ಒರೆಸುವ ಮೆತ್ತನೆ ಬಟ್ಟೆ ಮಡಚಿ, ಟೇಪ್ ಅದರ ನಡುವೆ ಹಾಯುವಂತೆ ಹಿಡಿದೆ. ಪೆನ್ಸಿಲ್ ತೂರಿಸಿ ಕೈಯಿಂದಲೇ ಸುತ್ತಿದೆ. 30 ನಿಮಿಷದ ಒಂದು ಬದಿ ಅಂದರೆ ಸುಮಾರು 86 ಮೀಟರ್ ಟೇಪ್. ಒಂದು ತಾಸು 50 ನಿಮಿಷ ಹಿಡಿಯಿತು. ಆರು ಸಲ ಬಟ್ಟೆ ಬದಲಿಸಿದೆ.

ನಡುವೆ ಒಂದು ಕಡೆ ಬೆರಳಿಗೆ ಗಂಟು ಸಿಕ್ಕಿದ ಹಾಗಾಯಿತು. ಅಪ್ಪ ಯಾವತ್ತೋ ತುಂಡಾದ ಟೇಪಿಗೆ ಸೆಲ್ಲೋಟೇಪ್ ಹಚ್ಚಿ ಜೋಡಿಸಿದ್ದ. ಅದು ಬೆಲ್ಲದ ಬಣ್ಣಕ್ಕೆ ತಿರುಗಿ, ಅಂಟು ಹೊರಗೆ ಬಂದು ಮುಂದಿನ ಸುತ್ತಿಗೂ ಹತ್ತಿತ್ತು. ಸ್ಪಿರಿಟ್ ತೇವದಲ್ಲಿ ಅಂಟು ಬಿಡಿಸಿ, ಎರಡೂ ತುದಿ ಒಂದೊಂದು ಸೆಂಟಿಮೀಟರ್ ಕತ್ತರಿಸಿ, ಕ್ಯಾಸೆಟ್ಟಿಗೇ ಅಂತ ಸಿಗುವ ಜೋಡಣೆ ಟೇಪಿನಿಂದ ಸೇರಿಸಿದೆ. ಅದನ್ನು ಆನ್‌ಲೈನ್‌ನಲ್ಲಿ 550 ಕೊಟ್ಟು ತರಿಸಬೇಕಾಯಿತು. ಇಡೀ ಕೆಲಸದಲ್ಲಿ ಜಾಸ್ತಿ ದುಡ್ಡು ಹೋದದ್ದು ಇದಕ್ಕೇ. ಆದರೆ ಇಲ್ಲಿ ಸೆಲ್ಲೋಟೇಪ್ ಬಳಸಲೇಬೇಡಿ.

ಮೂರನೇ ತಪ್ಪು. ರಾತ್ರಿ ಹಾಕಿ ಕೇಳಿದರೆ ಅವ್ವನ ದನಿಯೇ ಇಲ್ಲ. ಕಂಬಳಿ ಹೊದ್ದು ಯಾರೋ ಗೊಣಗಿದ ಹಾಗೆ, ಅದೂ ಉಲ್ಟಾ. ಎದೆ ಧಸಕ್ ಅಂದಿತು. ಅಳಿಸಿಹೋಯಿತು ಅಂತಲೇ ಅಂದುಕೊಂಡೆ. ಅರ್ಧ ತಾಸು ಸುಮ್ನೆ ಕೂತು ಯೋಚಿಸಿದ ಮೇಲೆ ಹೊಳೆಯಿತು. ಜೋಡಿಸುವಾಗ ಟೇಪ್ ಅರ್ಧ ಸುತ್ತು ತಿರುಚಿತ್ತು. ಆಗ ಹೆಡ್ಡಿಗೆ ತಾಗುವುದು ಟೇಪಿನ ಬೆನ್ನು. ಮೇಲಿನದು ಕೆಳಗಾಗಿ, ಇನ್ನೊಂದು ಬದಿಯಲ್ಲಿ ಇರುವುದು ಹಿಂದುಮುಂದಾಗಿ ಕೇಳಿಸುತ್ತದೆ. ಬಿ ಬದಿಯಲ್ಲಿ ಅಪ್ಪ ಆಕಾಶವಾಣಿ ಧಾರವಾಡದ ಹಾಡುಗಳನ್ನು ಹಿಡಿದಿಟ್ಟಿದ್ದ, ನಾನು ಕೇಳಿದ್ದು ಅದನ್ನೇ. ಮತ್ತೆ ಐದು ಸ್ಕ್ರೂ ಬಿಚ್ಚಿ ತಿರುಚು ತೆಗೆದೆ.

ರಾತ್ರಿ ಒಂದೂವರೆಗೆ ಅವ್ವ ಹಾಡಿದಳು. ಹೆಡ್‌ಫೋನ್ ಹಾಕಿ ಪೂರ್ತಿ ಒಂದು ಬದಿ ಕೇಳಿದೆ. ಒಂಬತ್ತು ಹಾಡು ಇದ್ದವು. ನನಗೆ ನೆನಪಿದ್ದದ್ದು ಮೂರೇ.

ನವೆಂಬರ್ 24, ಭಾನುವಾರ: ಕಂಪ್ಯೂಟರಿಗೆ ಇಳಿಸುವುದು

ಹೆಡ್ಡಿನ ಕೋನ ಸರಿಮಾಡುವುದು ಮೊದಲ ಕೆಲಸ. ಅಪ್ಪ ರೆಕಾರ್ಡ್ ಮಾಡಿದ ಮಷೀನೇ ಬೇರೆ, ಅದರ ಹೆಡ್ಡಿನ ಓರೆಯೇ ಬೇರೆ. ಹೆಡ್ ಪಕ್ಕ ಸ್ಪ್ರಿಂಗ್ ಇರುವ ಒಂದು ಸ್ಕ್ರೂ ಇರುತ್ತದೆ. ಮೊದಲಿನ ಜಾಗಕ್ಕೆ ಉಗುರು ಬಣ್ಣದಿಂದ ಗುರುತು ಹಾಕಿಕೊಂಡೆ. ಹಾಡು ಓಡುತ್ತಿರುವಾಗ ಸ್ಕ್ರೂವನ್ನು ಎಡಕ್ಕೆ ಒಂದಿಷ್ಟು, ಬಲಕ್ಕೆ ಒಂದಿಷ್ಟು ತಿರುಗಿಸಿದೆ. "ಸ" ಅಕ್ಷರ ಎಲ್ಲಿ ಚೂಪಾಗಿ ಕೇಳಿಸುತ್ತದೋ ಅಲ್ಲಿ ನಿಲ್ಲಿಸಬೇಕು. ಎಂಟನೇ ಒಂದು ಸುತ್ತಿಗೇ ಮುಖಕ್ಕೆ ಮುಸುಕಿದ್ದ ಸೆರಗು ಸರಿದ ಹಾಗಾಯಿತು.

ಹೆಡ್‌ಫೋನ್ ತೂತಿನಿಂದ 90 ರೂಪಾಯಿಯ ಕೇಬಲ್, ಅಲ್ಲಿಂದ 480ರ ಯುಎಸ್‌ಬಿ ಸೌಂಡ್ ಕಾರ್ಡ್, ಅಲ್ಲಿಂದ ಲ್ಯಾಪ್‌ಟಾಪ್. ಸಾಫ್ಟ್‌ವೇರ್ ಆಡಾಸಿಟಿ, ಪುಕ್ಕಟೆ. 44,100 ಹರ್ಟ್ಸ್, 24 ಬಿಟ್, ವೇವ್ ಫೈಲು. ಅತಿ ಜೋರು ಇರುವ ಕಡೆಯೂ ಮೀಟರ್ ಮೈನಸ್ 6 ಡೆಸಿಬಲ್ ದಾಟದಂತೆ ದನಿ ಇಟ್ಟೆ. ಒಂದು ಬದಿಗೆ 476 ಎಂಬಿ ಆಯಿತು.

ಇಲ್ಲಿ ನಾಲ್ಕನೇ ತಪ್ಪು. ರೆಕಾರ್ಡಿಂಗ್‌ನಲ್ಲಿ ಸಣ್ಣಗೆ "ಗುಂಯ್" ಅಂತ ಕರೆಂಟಿನ ಸದ್ದು ಇತ್ತು. ಅಳೆದರೆ ಸರಿಯಾಗಿ 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಕಂಪನ. ನಮ್ಮ ಕರೆಂಟು 50 ಹರ್ಟ್ಸ್ ಅಲ್ವಾ? ಅಂದರೆ ಅಪ್ಪನ ಮಷೀನ್ ಸರಿಯಾದ ವೇಗದಲ್ಲೇ ಓಡಿದೆ ಅಂತ ತೀರ್ಮಾನ ಮಾಡಿದೆ. ಖುಷಿಯಿಂದ ಅಕ್ಕನಿಗೆ ಒಂದು ತುಣುಕು ಕಳಿಸಿದೆ.

26ಕ್ಕೆ ಮಗು ಹುಟ್ಟಿತು, ಹೆಣ್ಣು. ಆ ಗಡಿಬಿಡಿ ಮುಗಿದ ಮೇಲೆ ಅಕ್ಕ ಫೋನ್ ಮಾಡಿದಳು. "ಇದು ಅವ್ವನ ದನಿ ಅಲ್ಲಪಾ. ಯಾವ್ದೋ ಹುಡುಗಿ ದನಿ ಇದ್ದಂಗೈತಿ."

ಹಾಡಿನಲ್ಲಿ ನನಗೆ ಅದು ಗೊತ್ತಾಗಿರಲಿಲ್ಲ. ಆದರೆ ಬದಿಯ ಕೊನೆಯಲ್ಲಿ ಅವ್ವ ಮಾತಾಡುತ್ತಾಳೆ. ಅಪ್ಪನಿಗೆ, ಪಿಸುದನಿಯಲ್ಲಿ: "ಸಾಕ್ ಬಂದ್ ಮಾಡ್ರಿ ಅದನ್ನ. ಟಕ್ ಅಂದ್ರ ಕೂಸು ಏಳತೈತಿ." ಆಮೇಲೆ ಟಕ್. ಆ ಮಾತನ್ನು ಹತ್ತು ಸಲ ಕೇಳಿದೆ. ಅಕ್ಕ ಹೇಳಿದ್ದೇ ನಿಜ. ಮಾತು ಓಡುತ್ತಿತ್ತು, ದನಿ ತೆಳ್ಳಗಿತ್ತು. ಅವ್ವನದು ಗಟ್ಟಿ ದನಿ.

ಟೇಪ್ ನಿಲ್ಲಿಸಿದರೂ "ಗುಂಯ್" ನಿಲ್ಲಲಿಲ್ಲ. ಆ ಸದ್ದು ಟೇಪಿನಲ್ಲಿ ಇರಲೇ ಇಲ್ಲ, ನನ್ನ ಮಷೀನಿನ ಅಡಾಪ್ಟರಿನದು. 2024ರ ಕರೆಂಟನ್ನು ಅಳೆದು 1989ರ ವೇಗ ತೀರ್ಮಾನ ಮಾಡಿದ್ದೆ. ಅಡಾಪ್ಟರ್ ಕಿತ್ತು ದೊಡ್ಡ ಸೆಲ್ ನಾಲ್ಕು ಹಾಕಿದೆ, 140 ರೂಪಾಯಿ. ಸದ್ದು ಹೋಯಿತು.

ಅಪ್ಪನ ಮಷೀನೂ ಸೆಲ್ಲಿನದೇ ಅಂತ ಅಕ್ಕ ನೆನಪು ಮಾಡಿದಳು. ಸೆಲ್ ಇಳಿದಾಗ ರೆಕಾರ್ಡ್ ಮಾಡಿದರೆ ಟೇಪ್ ನಿಧಾನ ಓಡಿರುತ್ತದೆ. ಅದನ್ನು ಸರಿಯಾದ ವೇಗದಲ್ಲಿ ಕೇಳಿದರೆ ದನಿ ಏರುತ್ತದೆ. ಎಷ್ಟು ಏರಿದೆ ಅಂತ ಕಂಡುಹಿಡಿಯಲು ಅವತ್ತಿನ ಒಂದು ಸದ್ದು ಬೇಕಿತ್ತು. ಅದೂ ಇವತ್ತಿಗೂ ಬದಲಾಗದೇ ಉಳಿದಿರುವ ಸದ್ದು.

ನವೆಂಬರ್ 30, ಶನಿವಾರ: ದೇವರ ಗಂಟೆ

ಅದು ಟೇಪಿನಲ್ಲೇ ಇತ್ತು. 1 ನಿಮಿಷ 40ನೇ ಸೆಕೆಂಡಿಗೆ ಹಿಂದೆಲ್ಲೋ ಗಂಟೆ ಬಾರಿಸುತ್ತದೆ. ಮತ್ತೆ 26 ನಿಮಿಷ 10ಕ್ಕೆ, ಈ ಸಲ ಜಾಸ್ತಿ ಹೊತ್ತು. ಅಜ್ಜ ಸಂಜೆ ದೀಪ ಹಚ್ಚಿದಾಗ ಒಮ್ಮೆ, ಮಂಗಳಾರತಿಗೆ ಒಮ್ಮೆ ಬಾರಿಸುತ್ತಿದ್ದ ಹಿತ್ತಾಳೆ ಗಂಟೆ. ಅದು ಇನ್ನೂ ದೇವರ ಜಗಲಿ ಮೇಲೇ ಇದೆ. ಭಾವನಿಗೆ ಹೇಳಿ ಮೊಬೈಲಿನಲ್ಲಿ ಅದರ ಸದ್ದು ಹಿಡಿಸಿದೆ. ಬಾರಿಸಿ ಅಲ್ಲಾಡಿಸದೆ ಹಿಡಿಯಬೇಕು, ನಾದ ತೀರುವ ತನಕ.

ಗಂಟೆಗೆ ಒಂದೇ ಸ್ವರ ಇರುವುದಿಲ್ಲ. ಮೊದಲ ಸಲ ಇಲ್ಲಿನ ಒಂದು ಸ್ವರವನ್ನು ಅಲ್ಲಿನ ಬೇರೆ ಸ್ವರಕ್ಕೆ ಹೋಲಿಸಿ 40 ಪರ್ಸೆಂಟ್ ವ್ಯತ್ಯಾಸ ಅಂತ ಬಂತು. ಅದು ಆಗದ ಮಾತು. ಎರಡೂ ಸದ್ದಿನ ಸ್ವರಗಳನ್ನು ತೋರಿಸುವ ಚಿತ್ರಗಳನ್ನು ಪಕ್ಕ ಪಕ್ಕ ಇಟ್ಟು, ಕೊನೆ ತನಕ ಉಳಿಯುವ ಸ್ವರವನ್ನೇ ಹಿಡಿದೆ.

ಇವತ್ತಿನ ಗಂಟೆ: 2,140 ಹರ್ಟ್ಸ್.
ಟೇಪಿನಲ್ಲಿ ದೀಪದ ಹೊತ್ತಿಗೆ: 2,204. ಮೂರು ಪರ್ಸೆಂಟ್ ಜಾಸ್ತಿ.
ಮಂಗಳಾರತಿ ಹೊತ್ತಿಗೆ: 2,311. ಎಂಟು ಪರ್ಸೆಂಟ್ ಜಾಸ್ತಿ.

ಅವ್ವ ಹಾಡುತ್ತಾ ಹೋದಂತೆ ಸೆಲ್ ಇಳಿಯುತ್ತಾ ಹೋಗಿದೆ. ಇಡೀ ಬದಿಗೆ ಒಂದೇ ತಿದ್ದುಪಡಿ ಮಾಡಿದ್ದರೆ ತಪ್ಪಾಗುತ್ತಿತ್ತು. ಆಡಾಸಿಟಿಯಲ್ಲಿ ಟೈಮ್ ಟ್ರ್ಯಾಕ್ ಅಂತ ಇದೆ, ಹಾಡಿನ ವೇಗವನ್ನು ಒಂದೊಂದು ಕಡೆ ಒಂದೊಂದು ಥರ ಬದಲಿಸೋಕೆ. ಅದರಲ್ಲಿ ಮೊದಲ ಗಂಟೆ ಹತ್ತಿರ 97.1, ಎರಡನೇ ಗಂಟೆ ಹತ್ತಿರ 92.6 ಪರ್ಸೆಂಟ್ ಇಟ್ಟು ಓರೆ ಗೆರೆ ಎಳೆದೆ. ಕೊನೆಯ ಮಾತನ್ನು ಮತ್ತೆ ಕೇಳಿದೆ. "ಸಾಕ್ ಬಂದ್ ಮಾಡ್ರಿ ಅದನ್ನ." ಅವ್ವ. ಲ್ಯಾಪ್‌ಟಾಪ್ ಮುಚ್ಚಿ ಹೊರಗೆ ಹೋಗಿ ಸ್ವಲ್ಪ ಹೊತ್ತು ನಿಂತೆ.

ಡಿಸೆಂಬರ್ 3, ಮಂಗಳವಾರ: ಐದನೇ ತಪ್ಪು

ಇದು ಎಲ್ಲಕ್ಕಿಂತ ದೊಡ್ಡದು, ಆದ್ದರಿಂದ ವಿವರವಾಗಿ ಬರೆಯುತ್ತೇನೆ.

ಟೇಪಿನಲ್ಲಿ ಸುಯ್ ಅನ್ನುವ ಸದ್ದು ಇತ್ತು. ಜೊತೆಗೆ ಹಾಡಿನುದ್ದಕ್ಕೂ ಕಿರ್ರ್, ಕಿರ್ರ್ ಅನ್ನುವ ಒಂದು ಸದ್ದು. ಹಳೇ ಮಷೀನಿನ ಚಕ್ರದ್ದು ಅಂದುಕೊಂಡೆ. ಆಡಾಸಿಟಿಯಲ್ಲಿ ಸದ್ದು ತೆಗೆಯುವ ವಿಧಾನ ಹೀಗೆ: ಬೇಡದ ಸದ್ದು ಮಾತ್ರ ಇರುವ ತುಣುಕನ್ನು ಮೊದಲು ತೋರಿಸಬೇಕು, ಆಮೇಲೆ ಅಂಥದ್ದನ್ನೆಲ್ಲ ಅದು ಇಳಿಸುತ್ತದೆ. ಎರಡು ಹಾಡಿನ ನಡುವಿನ ಬಿಡುವನ್ನು ತೋರಿಸಿದೆ. ಅದರಲ್ಲಿ ಸುಯ್, ಕಿರ್ರ್ ಎರಡೂ ಇದ್ದವು. 24 ಡೆಸಿಬಲ್ ಇಳಿಸು ಅಂದೆ. ಮೂರು ಸಲ ಓಡಿಸಿದೆ. ಹಿಂದೆ ಏನೂ ಇಲ್ಲ, ಅವ್ವನ ದನಿ ಮಾತ್ರ. ಅದನ್ನು ಮೂಲ ಫೈಲಿನ ಹೆಸರಿನಲ್ಲೇ ಉಳಿಸಿದೆ. ಮೂಲ ಹೋಯಿತು.

ಅಕ್ಕನಿಗೆ ಕಳಿಸಿದೆ. ಅವಳು ಬಾಣಂತಿಗೆ ಬಿಸಿನೀರು ಕಾಸುತ್ತಾ ಕೇಳಿದಳಂತೆ. ಫೋನಿನಲ್ಲಿ ಮೊದಲ ಮಾತೇ, "ತೊಟ್ಲ ಎಲ್ಲಿ ಹೋತೋ?"

ನನಗೆ ಅರ್ಥ ಆಗಲಿಲ್ಲ.

"ಕಿರ್ ಕಿರ್ ಅಂತಿತ್ತಲ್ಲ, ಸರಪಳಿ. ಅವತ್ತ ತೂಗಾಕತ್ತಿದ್ದಾಕಿ ನಾನ. ಅವ್ವ ಹಾಡಾಕತ್ತಿದ್ಳು, ನಾನ ತೂಗಾಕತ್ತಿದ್ದೆ. ಅಪ್ಪ ಮಷೀನ್ ಹಿಡಕೊಂಡು ಬಾಗಲದಾಗ ಕುಂತಿದ್ದ."

ಅಕ್ಕ ನನಗಿಂತ 14 ವರ್ಷ ದೊಡ್ಡವಳು. ಆ ಟೇಪಿನಲ್ಲಿ ನಾನು ಮಲಗಿದ್ದೇನೆ, ಅವ್ವ ಹಾಡುತ್ತಿದ್ದಾಳೆ, ಅಜ್ಜ ಗಂಟೆ ಬಾರಿಸುತ್ತಿದ್ದಾನೆ, ಅಪ್ಪ ಗುಂಡಿ ಒತ್ತುತ್ತಾನೆ. ಅಕ್ಕ ಒಬ್ಬಳೇ ಇಲ್ಲ ಅಂದುಕೊಂಡಿದ್ದೆ. ಅವಳು ಮೊದಲಿನಿಂದ ಕೊನೆವರೆಗೆ ಇದ್ದಳು. ನಾನೇ ಅಳಿಸಿದ್ದೆ.

ಅಳಿಸಿದ ಹಾಡನ್ನು ಮತ್ತೆ ಕೇಳಿದಾಗ ಇನ್ನೊಂದು ಗೊತ್ತಾಯಿತು. ಹಾಡು ಕಾಲಿಲ್ಲದಂತೆ ತೇಲುತ್ತಿತ್ತು. ಅವ್ವ ಕೆಲವು ಕಡೆ ಒಂದು ಅಕ್ಷರವನ್ನು ಎಳೆದು ನಿಲ್ಲುತ್ತಾಳೆ. ಯಾಕೆ ನಿಂತಳು ಅಂತ ಗೊತ್ತಾಗುವುದಿಲ್ಲ. ತೊಟ್ಟಿಲು ಅತ್ತ ಹೋಗಿ ಇತ್ತ ಬರುವ ತನಕ ಕಾಯುತ್ತಿದ್ದಳು. ಆ ಕಿರ್ರ್ ಅವಳ ತಾಳ. ಅವ್ವನ ಜೋಗುಳ ಅಂತ ನಾನು ಹುಡುಕುತ್ತಿದ್ದದ್ದರಲ್ಲಿ ಅರ್ಧ ಆ ಸರಪಳಿಯೇ.

ಡಿಸೆಂಬರ್ 5, ಗುರುವಾರ: ಮತ್ತೆ ಮೊದಲಿನಿಂದ

ಟೇಪ್ ಇನ್ನೊಮ್ಮೆ ಓಡಿಸಿದೆ. ಹೆದರುತ್ತಲೇ. ಎಲ್ಲ ಅಳತೆ ಬರೆದಿಟ್ಟಿದ್ದರಿಂದ ಈ ಸಲ ಮೂರು ತಾಸಿಗೆ ಮುಗಿಯಿತು. ಮೂಲ ಫೈಲನ್ನು ಕೂಡಲೇ ಮೂರು ಕಡೆ ನಕಲು ಮಾಡಿದೆ: ಲ್ಯಾಪ್‌ಟಾಪ್, ಪೆನ್ ಡ್ರೈವ್, ಅಕ್ಕನ ಮಗಳ ಮೊಬೈಲು. ಸದ್ದು ತೆಗೆಯೋಕೆ ಶುರುವಿನ ಮೂರು ಸೆಕೆಂಡನ್ನು ಮಾತ್ರ ತೋರಿಸಿದೆ. ಆಗಿನ್ನೂ ತೊಟ್ಟಿಲು ತೂಗೋಕೆ ಶುರು ಆಗಿರಲಿಲ್ಲ. ಇಳಿಸಿದ್ದು 6 ಡೆಸಿಬಲ್ ಅಷ್ಟೇ, ಅದೂ ಒಂದೇ ಸಲ. ಸುಯ್ ಸ್ವಲ್ಪ ಉಳಿದಿದೆ. ಇರಲಿ.

ವೇಗ ಸರಿ ಇದೆಯಾ ಅಂತ ಪರೀಕ್ಷೆ ಮಾಡಲು ತೊಟ್ಟಿಲೇ ಸಿಕ್ಕಿತು. ತಿದ್ದಿದ ಫೈಲಿನಲ್ಲಿ ಹತ್ತು ತೂಗಿಗೆ ಎಷ್ಟು ಹೊತ್ತು ಅಂತ ಎಣಿಸಿದೆ. ಶುರುವಿನಲ್ಲಿ 27.1 ಸೆಕೆಂಡು, ಕೊನೆಯಲ್ಲಿ 26.9. ತಿದ್ದದ ಫೈಲಿನಲ್ಲಿ ನಡುಭಾಗದ ಹತ್ತು ತೂಗು 25.6ಕ್ಕೇ ಮುಗಿಯುತ್ತಿತ್ತು. ಒಂದೇ ಸರಪಳಿ, ಒಂದೇ ತೊಟ್ಟಿಲು. ಮೊದಲಿಗೂ ಕೊನೆಗೂ ಒಂದೇ ಹೊತ್ತು ಬಂದದ್ದರಿಂದ ಗಂಟೆಯ ಲೆಕ್ಕ ಸರಿ ಅಂತ ನಂಬಿಕೆ ಬಂತು.

ಡಿಸೆಂಬರ್ 6, ಶುಕ್ರವಾರ: ಮಾತು ಬರೆದುಕೊಳ್ಳುವುದು

ಒಂಬತ್ತೂ ಹಾಡನ್ನು ಬರೆದುಕೊಂಡೆ. ಹೆಚ್ಚಿನವು ತ್ರಿಪದಿ. ಅಪ್ಪ ಸೆಲ್ಲೋಟೇಪ್ ಹಾಕಿದ್ದ ಜಾಗ ನಾಲ್ಕನೇ ಹಾಡಿನ ಎರಡನೇ ಸಾಲಿನಲ್ಲಿ ಬಂದಿತ್ತು. "ಕೂಸು ಕಂ..." ಅಂತ ಶುರುವಾಗಿ ಕತ್ತರಿಸಿಹೋಗುತ್ತದೆ. ಆದರೆ ತ್ರಿಪದಿಯನ್ನು ಹಾಡುವಾಗ ಎರಡನೇ ಸಾಲನ್ನು ಮತ್ತೊಮ್ಮೆ ಹಾಡಿ ಮೂರನೆಯದಕ್ಕೆ ದಾಟುತ್ತಾರೆ. ಬರೆದರೆ ಮೂರು ಸಾಲು, ಹಾಡಿದರೆ ನಾಲ್ಕು. ಹಾಗಾಗಿ ಮರುಸುತ್ತಿನಲ್ಲಿ ಅದು ಪೂರ್ತಿ ಸಿಕ್ಕಿತು: "ಕೂಸು ಕಂದಯ್ಯ ಒಳಹೊರಗ." ಕತ್ತರಿಸಿದ ಜಾಗಕ್ಕೆ ಇದನ್ನೇ ನಕಲು ಮಾಡಿ ಅಂಟಿಸಬಹುದಿತ್ತು. ಅಂಟಿಸಲಿಲ್ಲ. ಅವ್ವ ಎರಡು ಸಲ ಒಂದೇ ಥರ ಹಾಡುವವಳಲ್ಲ.

ಏಳನೇ ಹಾಡು ನಾನು ಕೇಳಿಯೇ ಇರಲಿಲ್ಲ. ಸಂತೆಗೆ ಹೋದ ಮಾವ ಕೂಸಿಗೆ ಏನೇನು ತಂದ ಅನ್ನುವ ಹಾಡು. ಬೆಲ್ಲ, ಗಿಲಕಿ, ಆಮೇಲೆ "ಕುರ್ಚಿಗಿ". ಸಂತೆಯಿಂದ ಕೂಸಿಗೆ ಕುರ್ಚಿ ಯಾಕೆ ತರುತ್ತಾರೆ? ರಾಣೆಬೆನ್ನೂರಿನ ಚಿಗವ್ವನಿಗೆ ಫೋನ್ ಹಚ್ಚಿದೆ. ಅವಳಿಗೆ 74. ಕಿವಿ ಹತ್ತಿರ ಇಟ್ಟು ಕೇಳಿಸಿದರು. ಅರ್ಧಕ್ಕೇ ಅವಳು ತಾನೇ ಹಾಡತೊಡಗಿದಳು.

"ಕುರ್ಚಿ ಅಲ್ಲೋ ಹುಚ್ಚಾ, ಕುಂಚಿಗಿ. ಕೂಸಿನ ತಲಿಗಿ ಹಾಕ್ತಾರಲ್ಲ, ಬೆನ್ನ ಮ್ಯಾಲೆ ಇಳಿಬಿಟ್ಟು. ಮಾವ ಆದಾಂವ ತರಬೇಕದು. ನೀ ಹೊಲಿಸೀಯಿಲ್ಲೋ?"

ಹೊಲಿಸಿರಲಿಲ್ಲ. ನಾನು ಮಗುವಿನ ತಾಯಿಗೆ ಸೋದರಮಾವ. ಅವತ್ತೇ ಸಂಜೆ ಕೆಂಪು ಖಣದ ಬಟ್ಟೆ ತಂದೆ. ಬೆಂಗಳೂರಿನ ನಮ್ಮ ಬೀದಿಯ ಟೇಲರಿಗೆ ಕುಂಚಿಗೆ ಗೊತ್ತಿರಲಿಲ್ಲ. ಕಾಗದ ಕತ್ತರಿಸಿ ತೋರಿಸಿದೆ: ತಲೆಗೆ ಟೋಪಿಯ ಹಾಗೆ, ಗದ್ದದ ಕೆಳಗೆ ಕಸಿ, ಹಿಂದೆ ಸೊಂಟದ ತನಕ ಇಳಿಯುವ ಬಟ್ಟೆ. 350 ರೂಪಾಯಿ. ಇದನ್ನು ರಿಪೇರಿ ಲೆಕ್ಕಕ್ಕೆ ಸೇರಿಸಿಲ್ಲ.

ಡಿಸೆಂಬರ್ 8, ಭಾನುವಾರ: ತೊಟ್ಟಿಲು ಹಾಕಿದ ದಿನ

ಮಗುವಿಗೆ 13ನೇ ದಿನ. ತೊಟ್ಟಿಲನ್ನು ಅದೇ ಜಂತಿಯ ಅದೇ ಎರಡು ಕೊಂಡಿಗೆ ತೂಗುಹಾಕಿದ್ದರು. ಭಾವ ಕೊಂಡಿಗಳಿಗೆ ಎಣ್ಣೆ ಬಿಡೋಕೆ ಬಟ್ಟಲು ಹಿಡಿದು ಬಂದಿದ್ದರು. ಅಕ್ಕ ಬೇಡ ಅಂದಳಂತೆ.

ಸ್ಪೀಕರ್ ತಗೊಂಡು ಹೋಗಿದ್ದೆ. ಬೇಕಾಗಲಿಲ್ಲ. ನಾನು ಬರೆದು ಕಳಿಸಿದ ಒಂಬತ್ತು ಹಾಡನ್ನೂ ಅಕ್ಕ ಎರಡೇ ದಿನದಲ್ಲಿ ಬಾಯಿಪಾಠ ಮಾಡಿದ್ದಳು. ಬಾಯಿಪಾಠ ಅನ್ನುವುದಕ್ಕಿಂತ, ಒಳಗೆ ಇದ್ದದ್ದೇ ಎದ್ದು ಬಂದಿತ್ತು. ಚಿಗವ್ವ ಒಂದು ಕಡೆ ಸರಪಳಿ ಹಿಡಿದಳು, ಅಕ್ಕನ ಮಗಳು ಇನ್ನೊಂದು ಕಡೆ. ಅಕ್ಕ ಹಾಡಿದಳು. ಕುಂಚಿಗಿಯ ಹಾಡು ಬಂದಾಗ ಹೆಂಗಸರೆಲ್ಲ ನನ್ನ ಕಡೆ ತಿರುಗಿದರು. ಮಗುವಿನ ತಲೆ ಚಿಕ್ಕದು, ಕುಂಚಿಗೆ ಕಣ್ಣಿನ ತನಕ ಇಳಿದಿತ್ತು.

ಮೊಬೈಲಿನ ಟೈಮರ್ ಒತ್ತಿ ಹತ್ತು ತೂಗು ಎಣಿಸಿದೆ. 27.2 ಸೆಕೆಂಡು.

ಬಾಕಿ ಉಳಿದ ಕೆಲಸ: ಮುದುಡಿದ ಎಂಟು ಸೆಕೆಂಡನ್ನು ಇನ್ನಷ್ಟು ಸುಧಾರಿಸೋಕೆ ಆಗುತ್ತದಾ ನೋಡಬೇಕು. ಒಂದು ಪ್ರತಿಯನ್ನು ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿರುವ ಜಾನಪದ ವಿಶ್ವವಿದ್ಯಾಲಯಕ್ಕೆ ಕೊಡಬೇಕು ಅಂತಿದೆ. ಬಿ ಬದಿ ಪೂರ್ತಿ ಬಾಕಿ. ಅಪ್ಪ ರೇಡಿಯೋ ಮುಂದೆ ಮಷೀನಿಟ್ಟು ಹಿಡಿದದ್ದು, ಹಾಡುಗಳ ನಡುವೆ ಒಂದು ಕಡೆ ಅವನು ಕೆಮ್ಮುತ್ತಾನೆ. ಸಂಕ್ರಾಂತಿ ರಜೆಗೆ ಅದಕ್ಕೆ ಕೂರುತ್ತೇನೆ. ಸೆಲ್ ಹೊಸದು ತರಬೇಕು.